ಬಟ್ಟೆ ಮುಚ್ಚಿದ ಕೀಬೋರ್ಡು

“ಬಟ್ಟಿ ಎತ್ತಬ್ಯಾಡ! ಕೈ ಕಾಣಬಾರದಂತನ ಮುಚ್ಚೇನಿ. ಕೆಳಗ ಏನ್ ಸಿನಿಮಾ ನಡದೈತೇನ?”

ಟೈಪಿಂಗ್ ಕಲಿಸುವ ಆಪಾ ಬಾಗಿಲ ಹೊರಗೆ ನಮಗೆ ಬೆನ್ನು ಹಾಕಿ ಕುಳಿತಿದ್ದರು. ನಾನು ಎತ್ತಿದ್ದು ಬಟ್ಟೆಯ ತುದಿ ಮಾತ್ರ. ಕೈಬಿಟ್ಟೆ. ಕೀಬೋರ್ಡಿನ ಮೇಲೆ ಹಳೆಯ ದುಪಟ್ಟಾದ ತುಂಡು. ಅದರ ಕೆಳಗೆ ನನ್ನ ಎಡಗೈ.

“ನನ್ನ ಮೊಬೈಲ್ ನಂಬರ್ ಹೊಡಿ,” ಅಂದರು. “ನೋಡಲಾರದ ಹೊಡಿ.”

ನಂಬರು ಬಾಗಿಲ ಮೇಲಿನ ಬೋರ್ಡಿನಲ್ಲೇ ಇತ್ತು, ಬಾಯಿಪಾಠವಾಗಿತ್ತು. ಹೊಡೆದೆ. ಆಪಾ ಎದ್ದು ಬಂದರು. ಸ್ಕ್ರೀನ್ ಮೇಲೆ ಬಂದ ನಂಬರನ್ನು ನೋಡಿ ತಮ್ಮ ಮೊಬೈಲಿನಲ್ಲಿ ಅದನ್ನೇ ಒತ್ತಿ ಸ್ಪೀಕರಿಗೆ ಹಾಕಿದರು. ನಾನು ಸರಿ ಹೊಡೆದಿದ್ದರೆ ಅದು ಅವರದೇ ನಂಬರು, ಎಂಗೇಜ್ ಬರಬೇಕು. ಬರಲಿಲ್ಲ. ರಿಂಗಾಯಿತು.

“ಕೋಣ ಬೋಲತಂಯ?” ಯಾರು ಮಾತಾಡೋದು ಅಂತ ಮರಾಠಿಯಲ್ಲಿ ಒಬ್ಬ ಮುದುಕರ ದನಿ.

ಆಪಾ ಫೋನನ್ನು ನನ್ನ ಬಾಯಿಗೆ ಹಿಡಿದರು. “ಮಾತಾಡು. ನೀ ಹಚ್ಚಿದ್ದು.”

“ಟೈಪಿಂಗ್ ಕ್ಲಾಸಿಂದ್ರಿ... ನಿಪ್ಪಾಣ್ಯಾಂದ್ರಿ... ತಪ್ಪ ಹತ್ತೇತ್ರಿ.”

“ಹೊಸಬನೇನ?” ಮುದುಕರು ಕನ್ನಡಕ್ಕೆ ತಿರುಗಿ ನಕ್ಕರು. “ಹೆದರಬ್ಯಾಡೋ ತಮ್ಮಾ. ಎಲ್ಲಾರೂ ಮೊದಲ ನನ್ನ ಕಡೇನ ಬರ್ತಾರ. ನಾ ಕಾಗವಾಡದಾಗ ಇರ್ತೀನಿ. ಆಪಾಗ ಹೇಳು, ಈ ಸಲ ದ್ರಾಕ್ಷಿ ಚಲೋ ಹಿಡದಾವು.”

ಕ್ಲಾಸಿನಲ್ಲಿ ಇದ್ದ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ನಗುವವರೆಲ್ಲ ಒಂದಲ್ಲ ಒಂದು ದಿನ ಅದೇ ಮುದುಕರಿಗೆ ಫೋನ್ ಹಚ್ಚಿದವರು.

ವಿಷಯ ಇಷ್ಟೇ. ಮೊಬೈಲಿನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲಿನಲ್ಲಿರುತ್ತವೆ. ಕಂಪ್ಯೂಟರಿನ ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಒಂದು ಕಟ್ಟು ಇರುತ್ತದಲ್ಲ, ಅದರಲ್ಲಿ ಏಳು, ಎಂಟು, ಒಂಬತ್ತು ಮೇಲೆ. ಒಂದು, ಎರಡು, ಮೂರು ಕೆಳಗೆ. ಮೊಬೈಲ್ ಹಿಡಿದೇ ಬೆಳೆದ ಕೈ, ಕಣ್ಣು ಮುಚ್ಚಿದರೆ, ಒಂದು ಅಂದುಕೊಂಡು ಏಳು ಹೊಡೆಯುತ್ತದೆ. ಆಪಾ ಅವರ ನಂಬರು ಆರರಿಂದ ಶುರುವಾಗುತ್ತದೆ. ಆರು ಎರಡರಲ್ಲೂ ನಡುಸಾಲಿನಲ್ಲೇ ಇರುವುದರಿಂದ ತಪ್ಪುವುದಿಲ್ಲ. ಮುಂದಿನದೆಲ್ಲ ತಲೆಕೆಳಗಾಗುತ್ತದೆ. ತಲೆಕೆಳಗಾದ ಆ ನಂಬರು ಕಾಗವಾಡದ ಒಬ್ಬ ದ್ರಾಕ್ಷಿ ತೋಟದವರದು. ಆಪಾ ಅದನ್ನು ಹುಡುಕಿ ಇಟ್ಟದ್ದಲ್ಲ. ಮೊದಲನೇ ಬ್ಯಾಚಿನವನೊಬ್ಬ ಹೊಡೆದಾಗ ತಾನೇ ಹತ್ತಿತು. ಮುದುಕರು ಬೈಯಲಿಲ್ಲ, ಸಾಲಿ ಹುಡುಗನನ್ನು ಮಾತಾಡಿಸಿದಂತೆ ಮಾತಾಡಿಸಿದರು. ಅಂದಿನಿಂದ ಅದೇ ಪರೀಕ್ಷೆ ಆಯಿತು. ಒಮ್ಮೆ ಅವರು ನಿಪ್ಪಾಣಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಡಬ್ಬಿ ದ್ರಾಕ್ಷಿ ಕಳಿಸಿದ್ದರಂತೆ. ಡಬ್ಬಿ ಮೇಲೆ ‘ರಾಂಗ್ ನಂಬರ್ ಆಪಾ’ ಎಂದು ಬರೆದಿತ್ತಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆಪಾ ಏನು ಮಾಡಿದರು ಅನ್ನುವುದು ತಿಳಿಯುವುದಿಲ್ಲ. ನನ್ನ ಊರು ಭೋಜ. ಏಳನೇ ಇಯತ್ತೆಯವರೆಗೆ ಸಾಲಿಗೆ ಹೋದೆ. ಆಮೇಲೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದೆ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಇಲ್ಲ. ದನಗಳ ಮೇವಿನ ಕಣಕಿ ಕತ್ತರಿಸುವ ಮಷೀನಿಗೆ ಹೋದವು. ಆ ಕತೆ ಇಲ್ಲಿ ಬೇಡ. ಟ್ರ್ಯಾಕ್ಟರ್ ಮಾಲೀಕರು ಬೇರೆ ಡ್ರೈವರ್ ಇಟ್ಟುಕೊಂಡರು. ಮನೆಯಲ್ಲಿ ಕುಳಿತೆ. ಮನೆಗೆ ಬಂದವರೆಲ್ಲ ಮೊದಲು ಕೈ ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು. ನೋಡಿ ‘ಅಯ್ಯ’ ಅನ್ನುತ್ತಿದ್ದರು. ಆ ‘ಅಯ್ಯ’ ಕೇಳಿ ಕೇಳಿ ತಲೆ ಕೆಟ್ಟಿತ್ತು.

ಆಗ ನಮ್ಮ ಮಾಮಾ ಸುದ್ದಿ ತಂದರು. ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾಟಾಕ್ಕೆ ಆಪರೇಟರ್ ಬೇಕಾಗಿದ್ದಾರೆ. ಕಾಟಾ ಅಂದರೆ ಕಬ್ಬಿನ ಗಾಡಿಯನ್ನು ಪೂರ್ತಿ ಹತ್ತಿಸಿ ತೂಗುವ ಕಬ್ಬಿಣದ ಹಾಸು. ಪಕ್ಕದಲ್ಲಿ ಒಂದು ಕ್ಯಾಬಿನ್. ಒಳಗೆ ಕುಳಿತವನು ಗಾಡಿ ನಂಬರು, ರೈತನ ನಂಬರು ಹೊಡೆದು ಎಂಟರ್ ಒತ್ತಿದರೆ ತೂಕ ದಾಖಲಾಗುತ್ತದೆ. ಕಬ್ಬು ಅರೆಯುವ ಹಂಗಾಮು ಶುರುವಾದ ಕೂಡಲೇ ಟ್ರಯಲ್ ತೆಗೆದುಕೊಳ್ಳುತ್ತಾರೆ, ಓದಿದ್ದು ಕೇಳುವುದಿಲ್ಲ, ಕೈ ನಡೆಯಬೇಕು ಎಂದರು ಮಾಮಾ. ನಾನು ಎಷ್ಟೋ ಹಂಗಾಮು ಅದೇ ಕಾಟಾದ ಮುಂದೆ ಸಾಲಿನಲ್ಲಿ ನಿಂತು ಆ ಕ್ಯಾಬಿನ್ ಕಿಟಕಿಗೆ ಬೈದವನು. ಒಳಗಿನವನು ಎರಡು ಬೆರಳಲ್ಲಿ ಹುಡುಕಿ ಹುಡುಕಿ ಹೊಡೆಯುತ್ತಿದ್ದ, ಹೊರಗೆ ನಮ್ಮ ಸಾಲು ಗೇಟು ದಾಟಿ ರೋಡಿಗೆ ಹೋಗುತ್ತಿತ್ತು. ನನಗೆ ಆ ಕುರ್ಚಿ ಬೇಕಾಗಿತ್ತು. ಬೇರೆ ಯಾವ ಕೆಲಸವೂ ಬೇಡವಾಗಿತ್ತು.

ನಿಪ್ಪಾಣಿಯ ಆ ಕ್ಲಾಸಿಗೆ ಹೋದ ದಿನ ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದೆ.

“ಜೇಬನ್ಯಾಗ ಏನ ಐತಿ? ಹೊರಗ ತಗಿ,” ಅಂದರು ಆಪಾ.

ತೆಗೆದೆ. ಅವರು ‘ಅಯ್ಯ’ ಅನ್ನಲಿಲ್ಲ. ಕೈ ಹಿಡಿದುಕೊಂಡು ಉಳಿದ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು, ಬದನೆಕಾಯಿ ಆರಿಸುವವರ ಹಾಗೆ.

“ಎಂಟ ಅದಾವ. ಬೀಡಿ ಕಟ್ಟೂ ಕೆಲಸ ಕೇಳಿದ್ರ ಬ್ಯಾಡ ಅಂತಿದ್ನಿ. ಇದಕ್ಕ ನಡೀತೈತಿ. ಮೊದಲ ಉಗುರ ತಗದ ಬಾ.”

ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಒಂದು ನೇಲ್ ಕಟರ್ ನೇತು ಹಾಕಿದ್ದರು. ಉಗುರು ಬೆಳೆದವರು ಅದನ್ನು ದಾಟಿ ಒಳಗೆ ಹೋಗುವ ಹಾಗಿರಲಿಲ್ಲ. ಉಗುರಿದ್ದರೆ ಬೆರಳಿನ ತುದಿ ಬಟನ್‌ಗೆ ತಾಗುವುದಿಲ್ಲ, ಉಗುರು ತಾಗುತ್ತದೆ, ಉಗುರಿಗೆ ಏನೂ ತಿಳಿಯುವುದಿಲ್ಲ ಅನ್ನುವುದು ಅವರ ಲೆಕ್ಕ. ಮದುವೆ ಗೊತ್ತಾದ ಹುಡುಗಿಯೊಬ್ಬಳು ನೇಲ್ ಪಾಲಿಶ್ ಹಚ್ಚಿದ ಉದ್ದ ಉಗುರಿನಲ್ಲಿ ಬಂದು ಅತ್ತು ಕರೆದಳು. ಆಪಾ ಕೇಳಲಿಲ್ಲ. “ಲಗ್ನಕ್ಕ ಮತ್ತ ಬೆಳೀತಾವ. ತಗಿ.”

ಎಡಗಡೆ ಗೋಡೆಗೆ ಒಂದು ಮೊಳೆ. ಆ ಮೊಳೆಗೆ ಎಲ್ಲ ಮೌಸುಗಳೂ ಬಾಲ ಕಟ್ಟಿ ನೇತಾಡುತ್ತಿದ್ದವು. ಹೊಸಬರಿಗೆ ಅವು ಸಿಗುತ್ತಿರಲಿಲ್ಲ. “ಮೌಸ್ ಹಿಡಿಯಾಕ ಕೈ ಬಿಟ್ಟಿ, ಅದನ್ನ ಹುಡುಕಿದಿ, ಬಾಣ ಎಲ್ಲೈತಿ ಅಂತ ಸ್ಕ್ರೀನನ್ಯಾಗ ಹುಡುಕಿದಿ, ವಾಪಸ್ ಬಂದು ಬಟನ್ ಹುಡುಕಿದಿ. ಅಷ್ಟ್ರಾಗ ನಿನ್ನ ಕಾಟಾದ ಮುಂದ ಮಂದಿ ನಿಮ್ಮವ್ವ ಅಪ್ಪನ್ನ ನೆನಸ್ತಾರ,” ಎನ್ನುತ್ತಿದ್ದರು. ಇದು ನಿಜ. ನಾನೇ ನೆನೆಸಿದವನು.

ಟೇಬಲ್‌ಗಳು ಗಿಡ್ಡ. ನೋಡಿದವರಿಗೆ ಅಂಗನವಾಡಿ ಅನಿಸಬೇಕು. ಆಪಾ ಬಡಿಗನನ್ನು ಕರೆಸಿ ಎಲ್ಲದರ ಕಾಲು ಕೊಯ್ಸಿದ್ದರು. ಮೊದಲು ಅವರು ಚಿಕ್ಕೋಡಿಯ ಒಂದು ಅಂಗಡಿಯಲ್ಲಿ ವರ್ಷಗಟ್ಟಲೆ ಟೈಪಿಂಗ್ ಮಾಡಿದ್ದರಂತೆ. ಅಲ್ಲಿ ಟೇಬಲ್ ಎತ್ತರ, ಕುರ್ಚಿ ಗಿಡ್ಡ. ಮಣಿಕಟ್ಟನ್ನು ಮೇಲಕ್ಕೆ ಮಡಚಿಯೇ ಹೊಡೆಯಬೇಕು. ಕೊನೆಗೆ ಬೆರಳಲ್ಲಿ ಇರುವೆ ಹರಿದಂತಾಗಿ, ಚಹಾದ ಕಪ್ಪು ಕೈಯಿಂದ ಜಾರಿ ಬೀಳತೊಡಗಿತು. ಅಲ್ಲಿಂದ ಎರಡೂ ಮಣಿಕಟ್ಟಿಗೆ ಕರಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. “ನನ್ನ ಕೈ ಕೆಡಿಸಿದ್ದು ಕೆಲಸ ಅಲ್ಲ, ಆ ಟೇಬಲ್,” ಎಂದು ಅವರು ಹೇಳಿದ್ದನ್ನು ಕೇಳಿದ್ದೇನೆ. ಬಡಿಗನಿಗೆ ಮಾತ್ರ ಹೊಟ್ಟೆ ಉರಿದಿತ್ತು. “ಸಾಗವಾನಿ ಟೇಬಲ್ರಿ ಆಪಾ, ಕೊಯ್ಯಾಕ ಕೈ ಬರವಲ್ದು,” ಎಂದನಂತೆ. “ಟೇಬಲ್ ಮತ್ತ ಸಿಗತೈತಿ, ಕೈ ಸಿಗೂದಿಲ್ಲ, ಕೊಯ್,” ಎಂದರಂತೆ.

ಕ್ಲಾಸು ನಡೆಯುವಾಗ ಅವರು ಒಳಗೆ ಕುಳಿತುಕೊಳ್ಳುತ್ತಿರಲಿಲ್ಲ. ಹೊರಗೆ ಕುರ್ಚಿ ಹಾಕಿ ರೋಡ್ ನೋಡುತ್ತಾ ಸದ್ದು ಕೇಳುತ್ತಿದ್ದರು. ತಪ್ಪು ಅಳಿಸುವ ಬಟನ್ನಿನ ಸದ್ದು ಬೇರೆ ಇರುತ್ತದೆ, ಅದು ಮೂಲೆಯಲ್ಲಿರುತ್ತದೆ, ಕೈ ಅಷ್ಟು ದೂರ ಹೋಗಿ ಬರುವಾಗ ಒಂದು ತಡೆ ಆಗುತ್ತದೆ. ಆ ತಡೆ ಕೇಳಿದ ಕೂಡಲೇ ಹೊರಗಿಂದ ದನಿ: “ಅಳಸಾಕ ಯಾರ ಹಿಂದ ಹೊಂಟ್ರಿ? ಅಷ್ಟ ಅವಸರ ಮಾಡಿ ಹೊಡದು, ಮತ್ತ ಅಳಸಿ, ಮತ್ತ ಹೊಡದು. ಅದರ ಬದಲಿ ಹಗೂರ್ಕ ಒಮ್ಮೆ ಹೊಡದಿದ್ರ ಇಷ್ಟೊತ್ತಿಗಿ ಚಹಾ ಕುಡದ ಬರ್ತಿದ್ರಿ.” ಅವರ ಕಿವಿ ತಪ್ಪಿಸಲು ನಾವು ಏನೆಲ್ಲ ಮಾಡಿದೆವು. ಕೆಮ್ಮಿದೆವು, ಕುರ್ಚಿ ಎಳೆದೆವು. “ಕೆಮ್ಮ ಬಂದಂವ ಅಳಸೂದ ಬಿಟ್ಟು ದವಾಖಾನಿಗಿ ಹೋಗು,” ಅನ್ನುತ್ತಿದ್ದರು.

ಈ ಬಟ್ಟೆ ಮುಚ್ಚುವುದು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ. ಅವರ ಅಮ್ಮಿ ಬೀಡಿ ಕಟ್ಟುತ್ತಿದ್ದರು. ಮೊರ ತೊಡೆಯ ಮೇಲೆ, ಮೊರದಲ್ಲಿ ಎಲೆ, ತಂಬಾಕು, ದಾರ. ಕಣ್ಣು ಮಾತ್ರ ಟೀವಿ ಮೇಲೆ, ಇಲ್ಲ ಬಾಗಿಲ ಹೊರಗೆ. ಆಪಾ ಸಣ್ಣವರಿದ್ದಾಗ ಕೈ ನೋಡಿಕೊಂಡು ಕಟ್ಟುತ್ತಿದ್ದರಂತೆ. ನೋಡಿ ಕಟ್ಟಿದ ಬೀಡಿ ಒಂದು ದಪ್ಪ, ಒಂದು ತೆಳು. ಅಮ್ಮಿ ತಮ್ಮ ಸೆರಗನ್ನು ಮಗಳ ಮೊರದ ಮೇಲೆ ಎಳೆದುಬಿಟ್ಟರು. “ಕಣ್ಣ ಹೋದ ಕಡೆ ಕೈ ನಿಂದರ್ತೈತಿ, ಕೈನ ಅದರ ಪಾಡಿಗಿ ಬಿಡು ಅಂತಿದ್ಳು ಅಮ್ಮಿ. ನಾ ಕಂಪ್ಯೂಟರ್ ಕಲ್ತಿದ್ದು ಚಿಕ್ಕೋಡ್ಯಾಗ ಅಲ್ಲ, ಅಮ್ಮಿ ಸೆರಗಿನ ಕೆಳಗ,” ಎಂದು ಹೇಳಿದರು. ಹೇಳಿ ಅಲ್ಲೇ ನಿಲ್ಲಿಸಿದರು. ಅಳುವ ಜಾತಿಯವರಲ್ಲ.

ಒಳ್ಳೆಯದೇ ಬರೆದರೆ ಸುಳ್ಳಾಗುತ್ತದೆ. ಅವರ ಬಾಯಿ ಬಹಳ ಜೋರು. ಸ್ಕೂಟಿ ಹೊಡೆಯುವುದಂತೂ ದೇವರಿಗೇ ಪ್ರೀತಿ. ನೋಡದೆ ಪುಟಗಟ್ಟಲೆ ಟೈಪ್ ಮಾಡುವ ಹೆಂಗಸು, ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಮುಂದೆ ಬ್ರೇಕ್ ಹಿಡಿಯಲು ಹೋಗಿ ಎಕ್ಸಿಲರೇಟರ್ ತಿರುವಿ ಬಾಳೆಹಣ್ಣಿನ ಕೈಗಾಡಿಗೆ ಹೊಡೆದರು. ನಾನು ಅಲ್ಲೇ ಇದ್ದೆ, ಸ್ಕೂಟಿ ಎತ್ತಿ ನಿಲ್ಲಿಸಿದೆ. ಹಣ್ಣಿನವನು ಬೈಯುವ ಮುಂಚೆ ಆಪಾ ಬೈಯತೊಡಗಿದರು. ಅವನಿಗಲ್ಲ, ಸ್ಕೂಟಿ ಮಾಡಿದವನಿಗೆ.

“ನೋಡ ಇಲ್ಲಿ, ನಿಂದ್ರಸೂದು ಓಡಸೂದು ಎರಡೂ ಒಂದ ಕೈಯಾಗ ಕೊಟ್ಟಾನ. ಹೆದರಿದ ಕೈ ಏನ ಮಾಡತೈತಿ? ಗಪ್ಪನ ಮುಷ್ಟಿ ಹಿಡೀತೈತಿ, ಹಿಡದ್ರ ತಿರಗತೈತಿ. ಇದು ನನ್ನ ತಪ್ಪೇನ?”

“ಆಪಾ, ಊರ ಮಂದಿ ಎಲ್ಲಾ ಇದನ್ನ ಹೊಡೀತಾರಲ್ರಿ?” ಎಂದೆ.

“ನೀ ಸುಮ್ಮನ ಬಾಳಿಹಣ್ಣ ಆರಿಸು.”

ನಗು ಬಂದರೂ ಆ ಮಾತು ನನ್ನಲ್ಲಿ ಉಳಿಯಿತು. ನನ್ನ ಕೈ ಬಗ್ಗೆಯೂ ಅವರು ಹಾಗೇ ಯೋಚಿಸಿದರು. ಉಳಿದವರೆಲ್ಲ ನನ್ನ ಕೈಯಲ್ಲಿ ಏನೋ ಕಡಿಮೆ ಎಂದು ನೋಡಿದರು. ಆಪಾ ಮಾತ್ರ ಕೀಬೋರ್ಡು ತಪ್ಪು ಜಾಗದಲ್ಲಿದೆ ಎಂದು ನೋಡಿದರು.

ಹೇಗೆ ಅಂದರೆ, ಅಂಕಿಗಳ ಕಟ್ಟು ಬಲಗೈಗೆ ಅಂತ ಬಲತುದಿಯಲ್ಲಿ ಇಟ್ಟಿರುತ್ತಾರೆ. ನನ್ನ ಬಲಗೈಯಲ್ಲಿ ಬೇಕಾದ ಎರಡು ಬೆರಳೇ ಇಲ್ಲ. ಮೊದಲು ಬಲಗೈಯಲ್ಲೇ ಉಂಗುರಬೆರಳು, ಕಿರುಬೆರಳಿನಿಂದ ಮಾಡಿಸಿ ನೋಡಿದರು. ನನ್ನ ಮೊಣಕೈ ಹೊರಗೆ ಹಾರುತ್ತಿತ್ತು. “ಕೋಳಿ ರೆಕ್ಕಿ ಬಡದಂಗ ಬಡ್ಯಾಕತ್ತಿ. ಸಂಜಿತನಕ ಹಿಂಗ ಕುಂತ್ರ ಹೆಗಲ ಹೋಗತೈತಿ. ಬಿಡು,” ಅಂದರು. ಆಮೇಲೆ ಒಂದು ಹಳೆ ಮೌಸ್ ತಂದರು, ಮೇಲೆ ಚೆಂಡಿರುವುದು, ಅಂಗೈಯಿಂದ ಉರುಳಿಸುವುದು. ಚಂದ ಇತ್ತು, ಆದರೆ ಅದರಿಂದ ಅಂಕಿ ಹೊಡೆಯಲು ಬರುವುದಿಲ್ಲ. ಎಡಗೈಗೆ ಬೇರೆಯೇ ಅಂಕಿಪಟ್ಟಿ ಸಿಗುತ್ತದೆ ಎಂದು ಒಬ್ಬ ಹುಡುಗ ಹೇಳಿದ. ಆಪಾ ತಲೆ ಅಲ್ಲಾಡಿಸಿದರು. “ಅಲ್ಲಿ ಕಾರ್ಖಾನ್ಯಾಗ ಅದನ್ನ ಹಚ್ಚಾಕ ಬಿಡ್ತಾರೋ ಇಲ್ಲೋ. ಅಲ್ಲಿ ಇದ್ದದ್ದರಾಗ ಆಗಬೇಕು.”

ಮತ್ತೆ ಒಂದು ದಿನ ಬಂದವರೇ ನನ್ನ ಮುಂದಿನ ಕೀಬೋರ್ಡನ್ನು ಎಡಕ್ಕೆ ಸರ್ರನೆ ತಳ್ಳಿದರು. ಅಂಕಿಗಳ ಕಟ್ಟು ನನ್ನ ಎಡಗೈ ಮುಂದೆ ಬಂತು. ಅಷ್ಟೇ. ಅಷ್ಟನ್ನು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಎಡಗೈಯ ಉಂಗುರಬೆರಳು ನಾಲ್ಕರ ಮೇಲೆ, ನಡುಬೆರಳು ಐದರ ಮೇಲೆ, ತೋರುಬೆರಳು ಆರರ ಮೇಲೆ. ಸೊನ್ನೆ ಕಿರುಬೆರಳಿಗೆ ಸಿಕ್ಕಿತು. ಎಂಟರ್ ತಾನಾಗಿ ಹೆಬ್ಬೆರಳ ಕೆಳಗೆ ಬಂದು ಕುಳಿತಿತು. ಆಪಾ ಅದನ್ನು ನೋಡಿ ಒಂದು ಚಪ್ಪಾಳೆ ಹೊಡೆದರು. “ನೋಡಲೇ! ಬಲಗೈಯವರಿಗಿ ಎಂಟರ್ ಕಿರಿಬೆರಳಿಗಿ ಬರತೈತಿ, ಸಣಕಲ ಬೆರಳು. ನಿನಗ ಹೆಬ್ಬೆರಳಿಗಿ ಬಂತು. ನಿನ್ನ ಕೈಗೇ ಮಾಡ್ಯಾರ ಇದನ್ನ.”

ಐದರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ನೋಡದೆ ಬೆರಳಿಗೆ ಜಾಗ ಸಿಗಲೆಂದು. ಕ್ಲಾಸಿನ ಹಳೆ ಕೀಬೋರ್ಡಿನಲ್ಲಿ ಅದು ಸವೆದಿತ್ತು. ಅಂಟಿನ ಒಂದು ಹನಿ ಬಿಟ್ಟು ಒಣಗಿಸಿ ಉಬ್ಬು ಮಾಡಿಕೊಟ್ಟರು. “ಇದು ನಿನ್ನ ಮನಿ. ಎಲ್ಲೇ ಹೋದ್ರೂ ಬೆರಳ ಇಲ್ಲಿಗಿ ವಾಪಸ್.” ಬಟ್ಟೆ ಮುಚ್ಚಿದರು. ಅಲ್ಲಿಂದ ದಿನಾ ಟ್ರ್ಯಾಕ್ಟರ್ ನಂಬರು. ನನಗೆ ಗೊತ್ತಿದ್ದ ಎಲ್ಲ ಟ್ರ್ಯಾಕ್ಟರುಗಳ ನಂಬರನ್ನೂ ಹೊಡೆದೆ. ಕಾಗವಾಡದ ಮುದುಕರಿಗೆ ಎಷ್ಟು ಸಲ ಫೋನ್ ಹೋಯಿತೋ ಬಿಡಿ. ಕೊನೆಗೆ ಒಂದು ದಿನ ಎಂಗೇಜ್ ಬಂತು. ಆಪಾ ಫೋನನ್ನು ಎಲ್ಲರಿಗೂ ಕೇಳಿಸಿದರು, ಹಾಡು ಕೇಳಿಸಿದ ಹಾಗೆ.

ಟ್ರಯಲ್ ದಿನ ಕಾರ್ಖಾನೆಗೆ ಹೋದೆ. ನನಗಿಂತ ಮುಂಚೆ ರಾಯಬಾಗದ ಒಬ್ಬ ಹುಡುಗ ಕುಳಿತಿದ್ದ, ಡಿಪ್ಲೊಮಾ ಮಾಡಿದವನು. ಅವನ ಹತ್ತು ಬೆರಳೂ ಮಳೆ ಬಿದ್ದಂತೆ ಬೀಳುತ್ತಿದ್ದವು. ಅವನು ಎದ್ದು ಹೋಗುವಾಗ ನನ್ನ ಕಿವಿಯಲ್ಲಿ, “ಎರಡನೇ ನಂಬರ್ ಬಟನ್ ಸ್ವಲ್ಪ ಗಟ್ಟಿ ಐತಿ, ಜೋರ ಒತ್ತು,” ಎಂದ. ಒಳ್ಳೆಯ ಹುಡುಗ.

ಕಾಟಾದ ಸಾಹೇಬರು ನನ್ನ ಕೈ ನೋಡಿದರು. “ಈ ಕೈಲೆ ಏನ ಹೊಡೀತಿಯೋ ತಮ್ಮಾ?”

“ಈ ಕೈಲೆ ಅಲ್ರಿ. ಆ ಕೈಲೆ.”

ಕೀಬೋರ್ಡನ್ನು ಎಡಕ್ಕೆ ಸರಿಸಲು ಕೈ ಹಾಕಿದೆ. ಅಲ್ಲಾಡಲಿಲ್ಲ. ನಾಲ್ಕೂ ಕಡೆ ಅಗಲ ಟೇಪ್ ಹಚ್ಚಿ ಟೇಬಲ್ಲಿಗೆ ಅಂಟಿಸಿದ್ದರು. ಗಾಡಿ ಹತ್ತಿದಾಗ ಕ್ಯಾಬಿನ್ ಅದುರುತ್ತದೆ, ಹಾಗಾಗಿ.

“ಅದನ್ನ ಕೀಳಬ್ಯಾಡ,” ಎಂದರು ಸಾಹೇಬರು. “ಹಂಗಾಮ ಮುಗಿಯೂತನಕ ಅದು ಹಂಗ ಇರೂದು.”

ಕಲಿತದ್ದೆಲ್ಲ ಹೋಯಿತು ಅನಿಸಿತು. ಹೊರಗೆ ಡ್ರೈವರುಗಳು ಹಾರ್ನ್ ಹೊಡೆಯುತ್ತಿದ್ದರು. ಆಗ ಬಸ್‌ಸ್ಟ್ಯಾಂಡಿನ ಮುಂದೆ ಸ್ಕೂಟಿಗೆ ಬೈಯುತ್ತಿದ್ದ ಆಪಾ ನೆನಪಾದರು. ಜಾಗ ಹಿಡಿದುಕೊಂಡು ಕುಳಿತಿರುವುದು ಕೀಬೋರ್ಡು, ನನ್ನನ್ನು ಯಾರೂ ಅಂಟಿಸಿಲ್ಲ. ಕುರ್ಚಿಯನ್ನು ಎಳೆದು ಟೇಬಲ್ಲಿನ ಬಲತುದಿಗೆ ಹಾಕಿದೆ. ಕುರ್ಚಿ ಗಿಡ್ಡ ಇತ್ತು, ಮೂಲೆಯಲ್ಲಿದ್ದ ಗೋಣಿಚೀಲವನ್ನು ಮಡಚಿ ಕೆಳಗೆ ಹಾಕಿಕೊಂಡೆ. ಮೊಣಕೈ ಟೇಬಲ್ಲಿಗೆ ಸಮ ಬಂತು. ನಂಬರ್ ಲಾಕಿನ ದೀಪ ಹತ್ತಿದೆಯೇ ನೋಡಿದೆ, ಹತ್ತಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಕೀಬೋರ್ಡಿನ ಮೇಲೆ ಹೊದಿಸಿದೆ. ಬೇಕಂತ ಅಲ್ಲ. ಕೈಗೆ ಅದೇ ರೂಢಿ.

“ಏ ಏ! ಏನ ಮುಚ್ಚಾಕತ್ತಿ? ಹೆಣಕ್ಕ ಹೊದಿಸಿದಂಗ!” ಸಾಹೇಬರು ಎದ್ದೇಬಿಟ್ಟರು.

“ಧೂಳಿ ಬೀಳ್ತೈತ್ರಿ,” ಎಂದೆ. ಬೇರೆ ಏನು ಹೇಳಲಿ.

“ಸ್ಕ್ರೀನ್ ಅಲ್ಲಿ ಐತಿ, ನೀ ಕಿಟಕಿಗಿ ಮುಖಾ ಮಾಡಿ ಕುಂತಿ!”

“ಎರಡೂ ಕಾಣತಾವ್ರಿ.”

ಅವರು ಬಾಯಿ ಓರೆ ಮಾಡಿ ಕುಳಿತರು. ಮೊದಲ ಗಾಡಿ ಹತ್ತಿತು. ಹೊಡೆದೆ. ಎರಡನೆಯದರಲ್ಲಿ ಒಂದು ಅಂಕಿ ತಪ್ಪಿ ಅಳಿಸಿದೆ. ಆಪಾ ಎಲ್ಲಿಂದಲೋ ಕೇಳಿದರು ಅನಿಸಿತು. ಮೂರನೆಯದು ಅಥಣಿ ಕಡೆಯ ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ, ಮನೆ ಎತ್ತರ ಕಬ್ಬು. ಡ್ರೈವರ್ ನಂಬರು ಕೂಗಿದ. ಟವೆಲ್ ಕೆಳಗೆ ಕೈ ಅದರ ಪಾಡಿಗೆ ಹೊಡೆಯುತ್ತಿತ್ತು. ಕಣ್ಣಿಗೆ ಕೆಲಸವಿರಲಿಲ್ಲ, ಹಾಗಾಗಿ ಅದು ಹೊರಗೆ ಇತ್ತು. ಎಲ್ಲ ಹೊಡೆದಾಯಿತು. ಎಂಟರ್ ಹೆಬ್ಬೆರಳ ಕೆಳಗೆ ಇತ್ತು. ಒತ್ತಲಿಲ್ಲ. ಕೊನೆಯ ಟ್ರಾಲಿಯ ಹಿಂದಿನ ಗಾಲಿ ಇನ್ನೂ ಕಾಟಾದ ಮೇಲೆ ಬಂದಿರಲಿಲ್ಲ.

“ಮುಂದ ತೊಗೋ!” ಎಂದು ಕೂಗಿದೆ.

“ಹೊಡ್ಯೋ ಎಂಟರ್! ಹಿಂದ ಸಾಲ ಐತಿ,” ಎಂದ ಡ್ರೈವರ್.

“ಹಿಂದಿನ ಗಾಲಿ ಕೆಳಗ ಐತಿ. ಸ್ವಲ್ಪ ಮುಂದ ತೊಗೋ.”

“ಒಂದ ಗಾಲಿಲೆ ಏನ ಮುಳಗತೈತಿ? ಯಾವಂವ್ಲೇ ನೀ ಹೊಸಬ?”

“ಟ್ರ್ಯಾಕ್ಟರ್ ಹೊಡದ ಬಂದಂವ್ಲೇ. ನಿನ್ನಂಗ ನಾನೂ ಅವಸರ ಮಾಡೇನಿ. ಕಬ್ಬ ಬೆಳದಂವ ಊರಾಗ ಅದಾನ, ಇಲ್ಲಿಲ್ಲ. ಅವನ ತೂಕ ಬಿಟ್ಟ ಹೋಗಬ್ಯಾಡ. ತೊಗೋ ಮುಂದ.”

ಡ್ರೈವರ್ ಗೊಣಗುತ್ತಾ ಗಾಡಿ ಮುಂದೆ ತೆಗೆದುಕೊಂಡ. ತೂಕದ ಕೆಂಪು ಅಂಕಿ ಮೇಲೇರಿ ನಿಂತಿತು. ಆಗ ಎಂಟರ್ ಒತ್ತಿದೆ. ಸಾಹೇಬರು ಕಿಟಕಿಯ ಹತ್ತಿರ ಬಂದು ಹೊರಗೆ ನೋಡಿದರು, ಅಂಕಿ ನೋಡಿದರು, ನನ್ನ ಟವೆಲ್ ನೋಡಿದರು. ನಾನು ಅದನ್ನು ತೆಗೆಯಲು ಹೋದೆ.

“ಇರ್ಲಿ ಬಿಡು. ತಗೀಬ್ಯಾಡ,” ಎಂದರು.

ತುಂಬಿದ ಗಾಡಿಯ ಕಾಟಾ ನನಗೆ ಕೊಟ್ಟರು. ಖಾಲಿ ಗಾಡಿಯ ಕಾಟಾ ರಾಯಬಾಗದ ಹುಡುಗನಿಗೆ. ಇಬ್ಬರೂ ಉಳಿದೆವು.

ಆಪಾಗೆ ಫೋನ್ ಮಾಡಿದೆ. ಶಾಬಾಸ್ ಅಂತಾರೆ ಅಂದುಕೊಂಡಿದ್ದೆ.

“ಎಷ್ಟ ಸಲ ಹಿಂದ ಹೋದಿ?” ಎಂದು ಕೇಳಿದರು.

“ಒಂದ ಸಲ್ರಿ.”

“ಅದೂ ಯಾಕ ಹೋದಿ?” ಫೋನ್ ಇಟ್ಟರು.

ಕೆಲವು ದಿನ ಕಳೆದ ಮೇಲೆ ಕಾಟಾದ ಸಾಲಿನಲ್ಲಿ ಗದ್ದಲ ಕೇಳಿಸಿತು. ಟ್ರ್ಯಾಕ್ಟರುಗಳ ನಡುವೆ ಒಂದು ಸ್ಕೂಟಿ ಹಾರ್ನ್ ಹೊಡೆಯುತ್ತಾ ನುಗ್ಗಿ ಬರುತ್ತಿತ್ತು. ಡ್ರೈವರುಗಳೆಲ್ಲ ಬೈಯುತ್ತಿದ್ದರು. ಆಪಾ. ಕ್ಯಾಬಿನ್ ಒಳಗೆ ಬರಲಿಲ್ಲ, ಕಿಟಕಿಯ ಹೊರಗೆ ನಿಂತರು. ನಾನು ಎದ್ದು ನಿಲ್ಲಲು ಹೋದೆ, ಕುಳಿತುಕೋ ಎಂದು ಕೈ ಮಾಡಿದರು. ಗಾಡಿ ಬಂದಂತೆ ಹೊಡೆಯುತ್ತಾ ಹೋದೆ. ಅವರು ನನ್ನ ಮುಖ ನೋಡಲಿಲ್ಲ. ಹೋದ ಬೆರಳು ನೋಡಲಿಲ್ಲ. ಬಹಳ ಹೊತ್ತು ನನ್ನ ಎಡ ಮೊಣಕೈ ನೋಡಿದರು.

“ಚಲೋ ಕುಂತೈತಿ,” ಎಂದರು. ಸ್ಕೂಟಿ ತಿರುಗಿಸಿಕೊಂಡು ಹೋದರು.

ನನಗೆ ಯಾವ ಸರ್ಟಿಫಿಕೇಟೂ ಇಲ್ಲ. ಆ ಮಾತೊಂದು ಇದೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಈಗ ಕ್ಲಾಸು ಇಲ್ಲ. ಅವರ ಮಣಿಕಟ್ಟು ಪೂರ್ತಿ ಸೋತಿತು. ಗಿಡ್ಡ ಟೇಬಲ್‌ಗಳನ್ನು ಒಂದು ಅಂಗನವಾಡಿಗೆ ಕೊಟ್ಟು ಮಿರಜಿಗೆ ಮಗಳ ಮನೆಗೆ ಹೋದರು. ಮಗಳು ಫೋನಿನಲ್ಲಿ ಮಾತಾಡಿ ಟೈಪ್ ಮಾಡುವುದನ್ನು ತೋರಿಸಿಕೊಟ್ಟಿದ್ದಾಳೆ. ಆಪಾ ಒಂದೇ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಬೆರೆಸಿ ಹೇಳುತ್ತಾರೆ, ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಇವರು ಅದಕ್ಕೆ ಬೈಯುತ್ತಾರೆ, ಬೈದದ್ದನ್ನೂ ಅದು ಟೈಪ್ ಮಾಡಿ ನನಗೆ ಕಳಿಸುತ್ತದೆ. ಓದಿ ನಗುತ್ತೇನೆ.

ಹೋದ ಸಲ ಹಂಗಾಮು ಮುಗಿದ ಮೇಲೆ ಕಾಗವಾಡದಿಂದ ಫೋನ್ ಬಂತು. ದ್ರಾಕ್ಷಿ ತೋಟದ ಆ ಮುದುಕರು, ಈಗ ನನಗೆ ಅವರು ಕಾಕಾ. ನನ್ನ ನಂಬರನ್ನು ಆಪಾ ಹತ್ತಿರ ಇಸಿದುಕೊಂಡಿದ್ದರು.

“ಏನಪಾ, ನನ್ನ ಫೋನ್ ಕೆಟ್ಟೈತಿ ಅಂತ ಅಂಗಡಿಗಿ ಒಯ್ದಿದ್ನಿ. ಅಂವ ಏನೂ ಆಗಿಲ್ಲ ಅಂದ. ಹಂಗಾರ ಒಬ್ಬರೂ ತಪ್ಪ ಹಚ್ಚವಲ್ರು ಯಾಕ?”

ಕ್ಲಾಸು ಮುಚ್ಚಿದೆ ಎಂದು ಹೇಳಿದೆ. ಆಪಾ ಹೇಳಿದ್ದರಂತೆ, ಅವರಿಗೆ ಗೊತ್ತಿತ್ತು. ಆದರೂ ಅಂಗಡಿಗೆ ಒಯ್ದಿದ್ದರು.

“ದ್ರಾಕ್ಷಿ ಸುದ್ದಿ ಇನ್ನ ಯಾರಿಗಿ ಹೇಳ್ಲಿ?” ಎಂದರು.

ಈ ಹಂಗಾಮಿಗೆ ನಮ್ಮ ಕಾರ್ಖಾನೆಯಲ್ಲಿ ಇನ್ನೊಂದು ಕಾಟಾ ಹಾಕಿದ್ದಾರೆ. ಕರೋಶಿಯ ಒಬ್ಬ ಹುಡುಗಿ ಬಂದಿದ್ದಾಳೆ. ಅವಳಿಗೆ ಕಲಿಸು ಎಂದು ಸಾಹೇಬರು ನನ್ನ ಹತ್ತಿರ ಕಳಿಸಿದರು. ನನ್ನ ಹತ್ತಿರ. ಮೊದಲು ಉಗುರು ತೆಗೆದುಕೊಂಡು ಬಾ ಎಂದೆ. ಮೌಸಿನ ವೈರನ್ನು ಕಿತ್ತು ಮೊಳೆಗೆ ಹಾಕಿದೆ. ಟವೆಲ್ ಹೊದಿಸಿದೆ. ಆಪಾ ಅವರ ನಂಬರು ಹೇಳಿಕೊಟ್ಟು, “ನೋಡಲಾರದ ಹೊಡಿ,” ಎಂದೆ.

ಹೊಡೆದಳು. ಬಂದ ನಂಬರನ್ನು ನನ್ನ ಮೊಬೈಲಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿ ಅವಳ ಬಾಯಿಗೆ ಹಿಡಿದೆ.

“ಕೋಣ ಬೋಲತಂಯ?”

“ರೀ... ತಪ್ಪ ಹತ್ತೇತ್ರಿ...”

ಕಾಕಾ ಜೋರಾಗಿ ಕೂಗಿದರು, ಮನೆಯವರೆಲ್ಲ ಕೇಳಲಿ ಎನ್ನುವ ಹಾಗೆ: “ಹೊಸಬರು ಬಂದಾರ!”

ಇಷ್ಟೇ. ಹೊರಗೆ ಗಾಡಿ ಹಾರ್ನ್ ಹೊಡೆಯುತ್ತಿದೆ. ನನ್ನ ಹತ್ತಿರ ಇನ್ನು ಹೇಳುವುದು ಏನೂ ಇಲ್ಲ.